ಕೆಂಪಿನ ಆಚೆಗೊಂದು ಥರ್ಮಾಮೀಟರ್: ವಿಲಿಯಂ ಹರ್ಷೆಲ್ ಅವರ ಬದುಕು ಮತ್ತು ನನ್ನದೊಂದು ಪಾಠ

ಬೋಧನಾಭ್ಯಾಸದ ಮೊದಲ ಹಂತಕ್ಕೆ ನನಗೆ ಔರಾದ್ ತಾಲ್ಲೂಕಿನ ಒಂದು ಪ್ರೌಢಶಾಲೆ ದೊರೆತಿತ್ತು. ಹತ್ತನೆಯ ತರಗತಿಗೆ ಬೆಳಕಿನ ವರ್ಣವಿಭಜನೆಯ ಪಾಠ ಮಾಡಿದೆ. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಮರುಭೂಮಿಯಿಂದ ಗಾಳಿಗೆ ಏಳುವ ಧೂಳಿನಲ್ಲಿ ಯಾವ ಖನಿಜಗಳಿವೆ ಎಂಬುದನ್ನು ಆಕಾಶದಿಂದಲೇ ಪತ್ತೆ ಹಚ್ಚುತ್ತಾರಂತೆ, ಮಣ್ಣನ್ನು ಮುಟ್ಟದೆ ಅದು ಹೇಗೆ ತಿಳಿಯುತ್ತದೆ ಎಂದು ಕೇಳಿದಳು. ಉಪಗ್ರಹ ಫೋಟೋ ತೆಗೆಯುತ್ತದೆ ಎಂದು ಹೇಳಿ ಕೂರಿಸಿದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಬಹುಶಃ ಅವಳಿಗೂ ಗೊತ್ತಿತ್ತು.

ಮರುದಿನದ ಪಾಠಯೋಜನೆಯಲ್ಲಿ ಒಂದು ಪ್ರಯೋಗ ಸೇರಿಸಿದೆ. ಕಣ್ಣಿಗೆ ಕಾಣದ ಬೆಳಕೂ ಇದೆ, ಉಪಗ್ರಹ ಅದನ್ನೂ ಬಳಸುತ್ತದೆ ಎಂದು ತೋರಿಸುವುದು ನನ್ನ ಉದ್ದೇಶ. ಕಿಟಕಿಯ ಬಿಸಿಲಿಗೆ ಪಟ್ಟಕ ಹಿಡಿದು, ಮೇಜಿನ ಮೇಲೆ ಬಿದ್ದ ರೋಹಿತದಲ್ಲಿ ಮೂರು ಥರ್ಮಾಮೀಟರ್ ಇಟ್ಟೆವು: ನೇರಳೆಯಲ್ಲಿ ಒಂದು, ಕೆಂಪಿನಲ್ಲಿ ಒಂದು, ಕೆಂಪಿನ ಆಚೆ ಬಣ್ಣವೇ ಇಲ್ಲದ ಜಾಗದಲ್ಲಿ ಒಂದು. ಎರಡು ನಿಮಿಷ ಕಳೆದರೂ ಮೂರರಲ್ಲಿಯೂ ಒಂದೇ ಅಂಕಿ. ಅವಧಿ ಮುಗಿಯುತ್ತಾ ಬಂದಿತ್ತು. ಹಿಂದಿನ ಬೆಂಚಿನಲ್ಲಿ ನಮ್ಮ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದರು. ನಾನು ಸಹಾಯಕ ಪುಸ್ತಕದಲ್ಲಿ ಓದಿದ್ದ ಅಂಕಿಗಳನ್ನು ಕಪ್ಪು ಹಲಗೆಯ ಮೇಲೆ ಬರೆದುಬಿಟ್ಟೆ. ಕೆಂಪಿನ ಆಚೆಯ ಥರ್ಮಾಮೀಟರನ್ನು ನೋಡಿಕೊಳ್ಳುತ್ತಿದ್ದವಳು ಹಿಂದಿನ ದಿನ ಪ್ರಶ್ನೆ ಕೇಳಿದ ಅದೇ ಹುಡುಗಿ. ಅವಳು ಹಲಗೆ ನೋಡಿದಳು, ಥರ್ಮಾಮೀಟರ್ ನೋಡಿದಳು, ಆಮೇಲೆ ತಾನು ಬರೆದುಕೊಂಡಿದ್ದ ಅಂಕಿಯನ್ನು ರಬ್ಬರಿನಿಂದ ಅಳಿಸಿ ನನ್ನ ಅಂಕಿಯನ್ನು ಬರೆದುಕೊಂಡಳು.

ಬೀದರ್‌ಗೆ ಮರಳಿದ ಮೇಲೆ ಉಪನ್ಯಾಸಕರು ಬೇರೇನೂ ಹೇಳಲಿಲ್ಲ. ಆ ಅಂಕಿಗಳು ಎಲ್ಲಿಂದ ಬಂದವು ಎಂದಷ್ಟೇ ಕೇಳಿದರು. ಉತ್ತರ ಕೊಡಲಾಗದೆ, ಆ ಪ್ರಯೋಗವನ್ನು ಮೊದಲು ಮಾಡಿದ ವಿಲಿಯಂ ಹರ್ಷೆಲ್ ಅವರ ಬದುಕನ್ನು ಓದತೊಡಗಿದೆ. ಓದಿದ್ದನ್ನು ನನ್ನ ಸಹ ಪ್ರಶಿಕ್ಷಣಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಸಂಗೀತದ ಮೇಷ್ಟ್ರು

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಊದುತ್ತಿದ್ದರು. ಮಗನೂ ಹದಿನಾಲ್ಕರ ವಯಸ್ಸಿಗೆ ಅದೇ ವೃಂದ ಸೇರಿದ. 1757ರಲ್ಲಿ ಯುದ್ಧದ ನಡುವೆ ಹ್ಯಾನೋವರ್ ಬಿಟ್ಟು ಇಂಗ್ಲೆಂಡಿಗೆ ಬಂದಾಗ ಅವರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಮೊದಮೊದಲು ಸಂಗೀತದ ಹಾಳೆಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದರು. ಬಳಿಕ ಊರಿಂದೂರಿಗೆ ಹೋಗಿ ಸಂಗೀತ ಕಲಿಸಿದರು. 1766ರಲ್ಲಿ ಬಾತ್ ನಗರದ ಒಂದು ಚರ್ಚಿನಲ್ಲಿ ಆರ್ಗನ್ ವಾದಕರಾಗಿ ನೆಲೆ ನಿಂತರು.

ಇಷ್ಟರವರೆಗೆ ಇದು ಖಗೋಳ ವಿಜ್ಞಾನಿಯ ಕಥೆಯಲ್ಲ, ದಿನವಿಡೀ ಪಾಠ ಹೇಳಿ ಬದುಕುವ ಒಬ್ಬ ಶಿಕ್ಷಕನ ಕಥೆ. ಸ್ವರಗಳ ಗಣಿತ ತಿಳಿಯಲು ಅವರು ರಾಬರ್ಟ್ ಸ್ಮಿತ್ ಬರೆದ ಪುಸ್ತಕ ಹಿಡಿದರು. ಅದೇ ಲೇಖಕರು ದೃಗ್ವಿಜ್ಞಾನದ ಮೇಲೂ ಬರೆದಿದ್ದರು. ಸ್ವರದಿಂದ ಬೆಳಕಿಗೆ, ಬೆಳಕಿನಿಂದ ದೂರದರ್ಶಕಕ್ಕೆ ಹೀಗೆ ದಾರಿ ಸಾಗಿತು. 1773ರ ಹೊತ್ತಿಗೆ, ಮೂವತ್ತೈದರ ಹೊಸ್ತಿಲಿನಲ್ಲಿ, ಅವರು ತಮ್ಮ ಕೈಯಾರೆ ದರ್ಪಣ ಉಜ್ಜತೊಡಗಿದ್ದರು.

ಆಗಿನ ದರ್ಪಣ ಗಾಜಿನದಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಲೋಹದ್ದು. ಎರಕದ ಅಚ್ಚಿಗೆ ಮಣ್ಣಿನ ಜೊತೆ ಕುದುರೆ ಲದ್ದಿಯನ್ನು ಕುಟ್ಟಿ ಜರಡಿ ಹಿಡಿದು ಬೆರೆಸಬೇಕಿತ್ತು. 1781ರಲ್ಲಿ ದೊಡ್ಡದೊಂದು ದರ್ಪಣ ಹೊಯ್ಯುವಾಗ ಕುಲುಮೆ ಸೋರಿ, ಕಾದ ಲೋಹ ನೆಲದ ಮೇಲೆ ಹರಿಯಿತು. ಚಪ್ಪಡಿ ಕಲ್ಲುಗಳು ಸಿಡಿದು, ಅಲ್ಲಿದ್ದವರು ಓಡಿ ಜೀವ ಉಳಿಸಿಕೊಂಡರು. ಬೀದರ್‌ನಲ್ಲಿ ಬಿದ್ರಿಯವರು ಸತು ಮತ್ತು ತಾಮ್ರದ ಎರಕ ಹೊಯ್ಯುವುದನ್ನು ನೋಡಿದವರಿಗೆ ಆ ಕೆಲಸದ ಬಿಸಿ ಎಂಥದೆಂದು ಹೇಳಬೇಕಾಗಿಲ್ಲ.

ಇಲ್ಲಿ ಅವರ ತಂಗಿ ಕ್ಯಾರೊಲಿನ್ ಅವರನ್ನು ನೆನೆಯಲೇಬೇಕು. ಬಾಲ್ಯದ ಜ್ವರದಿಂದ ಬೆಳವಣಿಗೆ ಕುಂಠಿತವಾಗಿದ್ದ ಆಕೆಯನ್ನು ತಾಯಿ ಮನೆಗೆಲಸಕ್ಕೇ ಇಟ್ಟುಕೊಳ್ಳಬೇಕೆಂದಿದ್ದರು. 1772ರಲ್ಲಿ ಅಣ್ಣ ಬಾತ್‌ಗೆ ಕರೆತಂದು ಮೊದಲು ಹಾಡುವುದನ್ನು, ಆಮೇಲೆ ಬೆಳಗಿನ ಉಪಾಹಾರದ ಮೇಜಿನಲ್ಲಿಯೇ ಗಣಿತವನ್ನು ಕಲಿಸಿದರು. ಅಣ್ಣ ಹದಿನಾರು ಗಂಟೆ ಕೈ ಬಿಡದೆ ದರ್ಪಣ ಉಜ್ಜುವಾಗ ತಂಗಿ ತುತ್ತು ಮಾಡಿ ಬಾಯಿಗಿಡುತ್ತಿದ್ದರು, ಪುಸ್ತಕ ಓದಿ ಹೇಳುತ್ತಿದ್ದರು. ರಾತ್ರಿ ಅಣ್ಣ ಕಂಡದ್ದನ್ನು ಕೂಗಿ ಹೇಳಿದರೆ ತಂಗಿ ಬರೆದುಕೊಳ್ಳುತ್ತಿದ್ದರು. ಮುಂದೆ ಕ್ಯಾರೊಲಿನ್ ತಾವೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು. 1787ರಿಂದ ರಾಜನ ಬೊಕ್ಕಸದಿಂದ ವರ್ಷಕ್ಕೆ 50 ಪೌಂಡ್ ಸಂಬಳವೂ ಸಿಕ್ಕಿತು. ಮನೆಯೊಳಗಿನ ಒಬ್ಬ ಕಲಿಕಾರ್ಥಿಯನ್ನು ಹರ್ಷೆಲ್ ಹೇಗೆ ಬೆಳೆಸಿದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1781ರ ಮಾರ್ಚ್ 13ರ ರಾತ್ರಿ ಅವರು ನಕ್ಷತ್ರದಂತಲ್ಲದ ಒಂದು ಕಾಯವನ್ನು ಕಂಡರು. ಅದನ್ನು ಧೂಮಕೇತು ಎಂದೇ ವರದಿ ಮಾಡಿದರು. ಬೇರೆ ಗಣಿತಜ್ಞರು ಕಕ್ಷೆಯನ್ನು ಲೆಕ್ಕ ಹಾಕಿದ ಮೇಲೆ ಅದು ಹೊಸ ಗ್ರಹ, ಅಂದರೆ ಯುರೇನಸ್, ಎಂದು ಸ್ಪಷ್ಟವಾಯಿತು. ಮರುವರ್ಷ ದೊರೆ ಮೂರನೇ ಜಾರ್ಜ್ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದ. ಸಂಗೀತದ ಪಾಠ ನಿಂತಿತು. ಸ್ಲೌ ಎಂಬ ಊರಿನಲ್ಲಿ 40 ಅಡಿ ಉದ್ದದ ದೂರದರ್ಶಕ 1789ರಲ್ಲಿ ಎದ್ದು ನಿಂತಿತು. ಎರಡೂವರೆ ಸಾವಿರದಷ್ಟು ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳ ಪಟ್ಟಿಯೂ ಸಿದ್ಧವಾಯಿತು. ಇವೆಲ್ಲ ಎಲ್ಲ ಪುಸ್ತಕಗಳಲ್ಲೂ ಇವೆ. ನನಗೆ ಬೇಕಾಗಿದ್ದದ್ದು 1800ರ ವಸಂತ.

1800ರಲ್ಲಿ ನಡೆದದ್ದೇನು?

ನಾನು ಓದಿದ ಸಹಾಯಕ ಪುಸ್ತಕದ ಕಥೆ ಹೀಗಿದೆ: ಹರ್ಷೆಲ್ ಬಣ್ಣಗಳ ಶಾಖ ಅಳೆಯುತ್ತಿದ್ದರು, ಕೋಣೆಯ ಶಾಖ ತಿಳಿಯಲೆಂದು ಒಂದು ಥರ್ಮಾಮೀಟರನ್ನು ರೋಹಿತದ ಹೊರಗೆ ಇಟ್ಟಿದ್ದರು, ಆಕಸ್ಮಿಕವಾಗಿ ಅದೇ ಹೆಚ್ಚು ಏರಿತು. ಮಕ್ಕಳಿಗೆ ಹೇಳಲು ಚೆಂದದ ಕಥೆ, ನಾನೂ ಅದನ್ನೇ ಹೇಳಿದ್ದೆ. ಆದರೆ ಅವರು ಆ ವರ್ಷ ರಾಯಲ್ ಸೊಸೈಟಿಗೆ ಕಳುಹಿಸಿದ ಪ್ರಬಂಧಗಳ ಕ್ರಮ ಬೇರೆಯೇ ಇದೆ.

ಸೂರ್ಯನನ್ನು ನೋಡಲು ಅವರು ಬೇರೆ ಬೇರೆ ಬಣ್ಣದ ಗಾಜುಗಳನ್ನು ಬಳಸುತ್ತಿದ್ದರು. ಕೆಲವು ಗಾಜಿನಲ್ಲಿ ಬೆಳಕು ಕಡಿಮೆಯಿದ್ದರೂ ಕಣ್ಣು ಸುಡುತ್ತಿತ್ತು, ಕೆಲವದರಲ್ಲಿ ಬೆಳಕು ಚೆನ್ನಾಗಿದ್ದರೂ ಬಿಸಿ ತಾಗುತ್ತಿರಲಿಲ್ಲ. ಹಾಗಾದರೆ ಬಣ್ಣ ಬಣ್ಣಕ್ಕೂ ಬಿಸಿ ಮಾಡುವ ಶಕ್ತಿ ಬೇರೆಯೇ ಎಂಬ ಸಂದೇಹ ಮೂಡಿತು. ಪಟ್ಟಕದಿಂದ ಬಿದ್ದ ರೋಹಿತದ ಒಂದೊಂದೇ ಬಣ್ಣವನ್ನು ರಟ್ಟಿನ ಸೀಳಿನಿಂದ ಹಾಯಿಸಿ, ಗುಂಡಿಗೆ ಕಪ್ಪು ಬಳಿದ ಥರ್ಮಾಮೀಟರಿನ ಮೇಲೆ ಬೀಳಿಸಿದರು. ಪಕ್ಕದ ನೆರಳಿನಲ್ಲಿ ಹೋಲಿಕೆಗೆಂದು ಬೇರೆ ಥರ್ಮಾಮೀಟರ್ ಇಟ್ಟರು. ಕೆಂಪಿನಲ್ಲಿ ಸರಾಸರಿ ಏರಿಕೆ ಹೆಚ್ಚುಕಡಿಮೆ 7 ಡಿಗ್ರಿ ಫ್ಯಾರನ್‌ಹೀಟ್, ಹಸಿರಿನಲ್ಲಿ ಮೂರೂಕಾಲು, ನೇರಳೆಯಲ್ಲಿ ಎರಡು.

ಈ ಮೂರು ಅಂಕಿಗಳನ್ನು ಸಾಲಾಗಿ ಇಟ್ಟು ನೋಡಿ. ನೇರಳೆಯಿಂದ ಕೆಂಪಿಗೆ ಬಂದಂತೆ ಬಿಸಿ ಏರುತ್ತಲೇ ಇದೆ. ಏರುತ್ತಿರುವ ಸಾಲು ಕಣ್ಣಿಗೆ ಬಣ್ಣ ಕಾಣದಾದ ಕೂಡಲೇ ನಿಲ್ಲಬೇಕೇಕೆ? ಹರ್ಷೆಲ್ ಮೊದಲ ಪ್ರಬಂಧದ ಕೊನೆಯಲ್ಲೇ ಈ ಅನುಮಾನವನ್ನು ಬರೆದರು. ಎರಡನೆಯ ಪ್ರಬಂಧದ ಪ್ರಯೋಗಕ್ಕೆ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಅರ್ಧರ್ಧ ಅಂಗುಲಕ್ಕೆ ಗೆರೆ ಎಳೆದು, ಕೆಂಪಿನ ಅಂಚಿನಿಂದ ಹೊರಕ್ಕೆ ಬೇಕೆಂದೇ ಥರ್ಮಾಮೀಟರ್ ಸರಿಸುತ್ತ ಹೋದರು. ಬಣ್ಣವಿಲ್ಲದ ಜಾಗದಲ್ಲಿ ಬಿಸಿ ಇತ್ತು, ಕೆಂಪಿನಲ್ಲಿದ್ದುದಕ್ಕಿಂತ ಹೆಚ್ಚಿನ ಬಿಸಿ. ಇನ್ನೂ ದೂರ ಹೋದಂತೆ ಕಡಿಮೆಯಾಯಿತು. ನೇರಳೆಯ ಆಚೆ ಏರಿಕೆ ಕಾಣಲಿಲ್ಲ, ಅದನ್ನೂ ಬರೆದಿಟ್ಟರು. ಇಂದು ನಾವು ಅವಕೆಂಪು ಅಥವಾ ಇನ್‌ಫ್ರಾರೆಡ್ ಎನ್ನುವ ಕಿರಣಗಳು ಪತ್ತೆಯಾದದ್ದು ಹೀಗೆ.

ಆಕಸ್ಮಿಕದ ಕಥೆಗೂ ಈ ಕಥೆಗೂ ತರಗತಿಯಲ್ಲಿ ಬಹಳ ವ್ಯತ್ಯಾಸವಿದೆ. ಮೊದಲನೆಯದು ಅದೃಷ್ಟವನ್ನು ಕಲಿಸುತ್ತದೆ. ಎರಡನೆಯದು ತಾನು ಬರೆದಿಟ್ಟ ಅಂಕಿಯನ್ನು ನಂಬಿ ಮುಂದಿನ ಹೆಜ್ಜೆ ಇಡುವುದನ್ನು ಕಲಿಸುತ್ತದೆ. ಔರಾದ್‌ನಲ್ಲಿ ಆ ಹುಡುಗಿ ಅಳಿಸಿದ್ದು ಅದನ್ನೇ.

ಹರ್ಷೆಲ್ ತಪ್ಪೇ ಮಾಡದ ಮನುಷ್ಯರೂ ಅಲ್ಲ. ಸೂರ್ಯನ ಮೇಲೆ ಜೀವಿಗಳು ವಾಸಿಸುತ್ತಿರಬಹುದು ಎಂದು ನಂಬಿದ್ದರು. ಕಾಣದ ಕಿರಣವೂ ಬೆಳಕಿನ ಜಾತಿಯದೇ ಎಂದು ಮೊದಲು ಯೋಚಿಸಿ, ಅದೇ ವರ್ಷ ಇನ್ನೂ ನೂರಾರು ಪ್ರಯೋಗ ಮಾಡಿ, ಶಾಖವೂ ಬೆಳಕೂ ಬೇರೆ ಬೇರೆ ಎಂಬ ತೀರ್ಮಾನಕ್ಕೆ ಬಂದರು. ಅದು ತಪ್ಪೆಂದು ಮುಂದಿನ ತಲೆಮಾರುಗಳು ತೋರಿಸಿದವು. ಆದರೆ ಅಂಕಿಗಳನ್ನು ಅವರು ಮರೆಮಾಡದೆ ಅಚ್ಚು ಹಾಕಿಸಿದ್ದರಿಂದಲೇ ತೀರ್ಮಾನವನ್ನು ಬೇರೆಯವರು ತಿದ್ದಲು ಸಾಧ್ಯವಾಯಿತು. 1822ರ ಆಗಸ್ಟ್ 25ರಂದು, 83ನೆಯ ವಯಸ್ಸಿನಲ್ಲಿ, ಸ್ಲೌನಲ್ಲಿಯೇ ತೀರಿಕೊಂಡರು.

ಮಗ ಕಂಡ ಖಾಲಿ ಜಾಗಗಳು

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಗ ಜಾನ್ ಹರ್ಷೆಲ್ 1840ರಲ್ಲಿ ತಂದೆಯ ಪ್ರಯೋಗವನ್ನು ಇನ್ನೊಂದು ಬಗೆಯಲ್ಲಿ ಮಾಡಿದರು. ಮಸಿ ಹಿಡಿಸಿದ ಕಾಗದವನ್ನು ಆಲ್ಕೊಹಾಲ್‌ನಲ್ಲಿ ನೆನೆಸಿ ರೋಹಿತದ ಕೆಳಗೆ ಹಿಡಿದರು. ಬಿಸಿ ಬಿದ್ದ ಕಡೆ ಕಾಗದ ಬೇಗ ಒಣಗಿ ಬಣ್ಣ ತಿಳಿಯಾಯಿತು. ಕೆಂಪಿನ ಆಚೆಯೂ ಒಣಗಿತು, ಆದರೆ ಒಂದೇ ಸಮನಾಗಿ ಅಲ್ಲ. ಮಚ್ಚೆ ಮಚ್ಚೆಯಾಗಿ, ನಡುನಡುವೆ ಒಣಗದೆ ಉಳಿದ ಜಾಗ ಬಿಟ್ಟು ಒಣಗಿತು. ಕಾಣದ ಬೆಳಕಿನಲ್ಲೂ ಕೆಲವು ಭಾಗ ಕಾಣೆಯಾಗಿದ್ದವು. ಸೂರ್ಯನಿಂದ ಹೊರಟ ಕಿರಣಗಳಲ್ಲಿ ಕೆಲವನ್ನು ನಮ್ಮ ಗಾಳಿಯಲ್ಲಿರುವ ನೀರಾವಿಯಂಥ ಅನಿಲಗಳು ಹೀರಿಕೊಳ್ಳುತ್ತವೆ ಎಂಬುದು ಇಂದು ನಮಗೆ ಗೊತ್ತು.

ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದೊಂದು ವಸ್ತುವೂ ಬೆಳಕಿನಲ್ಲಿ ತನಗೆ ಬೇಕಾದ ಭಾಗವನ್ನು ಹೀರಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಯಾವ ಭಾಗ ಕಾಣೆಯಾಗಿದೆ ಎಂದು ನೋಡಿದರೆ ವಸ್ತು ಯಾವುದೆಂದು ಹೇಳಬಹುದು. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗಿನ ಬೆಳಕು. ಖನಿಜಗಳ ಗುರುತುಗಳಲ್ಲಿ ಹೆಚ್ಚಿನವು ಅದರ ಆಚೆ ಇವೆ.

2022ರ ಜುಲೈ 14ರಂದು ನಾಸಾ ಸಂಸ್ಥೆ ಎಮಿಟ್ ಎಂಬ ಉಪಕರಣವನ್ನು ಹಾರಿಸಿತು. ಅದನ್ನು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಜೋಡಿಸಲಾಗಿದೆ. ನೆಲದಿಂದ ಮರಳಿ ಬರುವ ಬಿಸಿಲನ್ನು ಅದು 380ರಿಂದ 2,500 ನ್ಯಾನೊಮೀಟರ್‌ವರೆಗೆ 285 ಪಟ್ಟಿಗಳಾಗಿ ಬಿಡಿಸಿ ಅಳೆಯುತ್ತದೆ. ಒಂದು ಪಟ್ಟಕ ಏಳು ಬಣ್ಣ ತೋರಿಸಿದರೆ ಇದು 285 ಬಣ್ಣ ತೋರಿಸುತ್ತದೆ ಎಂದು ಮಕ್ಕಳಿಗೆ ಹೇಳಬಹುದು. ಧೂಳೇಳುವ ಒಣ ಪ್ರದೇಶಗಳ ಮೇಲ್ಮಣ್ಣಿನಲ್ಲಿ ಹೆಮಟೈಟ್, ಗೋಥೈಟ್, ಕೇಯೊಲಿನೈಟ್, ಮಾಂಟ್‌ಮೊರಿಲೊನೈಟ್, ಕ್ಯಾಲ್ಸೈಟ್, ಜಿಪ್ಸಂ ಮುಂತಾದ ಹತ್ತು ಖನಿಜಗಳನ್ನು ಹುಡುಕುವುದು ಅದರ ಕೆಲಸ. ಅದು ನೋಡುವುದು ಮುಖ್ಯವಾಗಿ ಧೂಳು ಹುಟ್ಟುವ ನೆಲವನ್ನು. ಆ ನಕ್ಷೆಯನ್ನು ಗಾಳಿಯ ಲೆಕ್ಕಾಚಾರಕ್ಕೆ ಕೂಡಿಸಿ, ಯಾವ ಖನಿಜ ಎಲ್ಲಿಗೆ ಹಾರುತ್ತದೆ ಎಂದು ಅಂದಾಜಿಸುತ್ತಾರೆ.

ತೇಲುತ್ತಿರುವ ಧೂಳನ್ನೇ ನೋಡುವ ದಾರಿಗಳೂ ಇವೆ. ಕಬ್ಬಿಣದ ಆಕ್ಸೈಡುಗಳು ನೇರಳಾತೀತ ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರುತ್ತವೆ. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಡಿಸ್ಕವರ್ ಎಂಬ ಉಪಗ್ರಹದ ಎಪಿಕ್ ಕ್ಯಾಮೆರಾದ ಅಳತೆಗಳಿಂದ, ಹಾರುವ ಧೂಳಿನಲ್ಲಿರುವ ಹೆಮಟೈಟ್ ಮತ್ತು ಗೋಥೈಟ್ ಪ್ರಮಾಣವನ್ನು ಅಂದಾಜು ಮಾಡಿದ್ದಾರೆ. ಇದರಿಂದ ಏನು ಪ್ರಯೋಜನ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೆಮಟೈಟ್ ಹೆಚ್ಚಿರುವ ಕೆಂಪು ಧೂಳು ಬಿಸಿಲನ್ನು ಹೀರಿ ಗಾಳಿಯನ್ನು ಬಿಸಿ ಮಾಡುತ್ತದೆ. ಬಿಳಿಚಾದ ಜೇಡಿಯ ಧೂಳು ಬಿಸಿಲನ್ನು ಹಿಂದಕ್ಕೆ ಚದುರಿಸಿ ತಂಪು ಮಾಡುತ್ತದೆ. ಧೂಳಿನಲ್ಲಿ ಏನಿದೆ ಎಂದು ತಿಳಿಯದೆ, ಅದು ಹವಾಮಾನವನ್ನು ಯಾವ ಕಡೆಗೆ ತಳ್ಳುತ್ತದೆ ಎಂದು ಹೇಳಲಾಗದು. ಅರಬ್ ನಾಡುಗಳ ಧೂಳು ಅರಬ್ಬೀ ಸಮುದ್ರ ದಾಟಿ ನಮ್ಮ ಕಡೆಗೆ ಬರುವುದೂ ಉಂಟು, ಹಾಗಾಗಿ ಇದು ನಮಗೆ ದೂರದ ವಿಷಯವಲ್ಲ.

ಕೋಟೆಯ ಮಣ್ಣು, ಎರೆಹೊಲದ ಮಣ್ಣು

ಈ ಹತ್ತು ಖನಿಜಗಳ ಪಟ್ಟಿ ಓದುವಾಗ ನನಗೆ ಅಚ್ಚರಿಯಾದದ್ದು, ಅವುಗಳಲ್ಲಿ ಕೆಲವು ನಮ್ಮ ಕಾಲಡಿಯಲ್ಲೇ ಇರುವುದು. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೋಟೆಯ ಕಂದಕವನ್ನು ಕೊರೆದದ್ದೂ ಅದೇ ಕಲ್ಲಿನಲ್ಲಿ. ಅದರ ಕೆಂಪಿಗೆ ಕಾರಣ ಹೆಮಟೈಟ್ ಮತ್ತು ಗೋಥೈಟ್, ಜೊತೆಗೆ ಕೇಯೊಲಿನೈಟ್ ಎಂಬ ಜೇಡಿಯೂ ಇದೆ. ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಕಪ್ಪು ಎರೆಭೂಮಿ. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಅದರ ಗುಣ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯಿಂದ ಬಂದದ್ದು.

ಹೆಮಟೈಟ್‌ನ ಒಂದು ಗುರುತು ಸುಮಾರು 870 ನ್ಯಾನೊಮೀಟರ್ ಬಳಿ ಇದೆ, ಗೋಥೈಟ್‌ನದು 900ರ ಆಚೆ. ಜೇಡಿಗಳದು 2,200ರ ಆಸುಪಾಸು. ಎಂದರೆ ಕೋಟೆಯ ಕೆಂಪು ಕಲ್ಲಿನ ಗುರುತು ಇರುವುದು ಕೆಂಪಿನ ಆಚೆಗೆ, ಹರ್ಷೆಲ್ ಥರ್ಮಾಮೀಟರ್ ಸರಿಸಿದ ಆ ಬಣ್ಣವಿಲ್ಲದ ಜಾಗದಲ್ಲೇ. ಬಿದ್ರಿಯ ಕುಶಲಕರ್ಮಿಗಳು ಕೋಟೆಯ ಮಣ್ಣನ್ನು ನಾಲಿಗೆಗೆ ತಾಗಿಸಿ ಅದು ಪಾತ್ರೆಗೆ ಕಪ್ಪು ಹಿಡಿಸುತ್ತದೋ ಇಲ್ಲವೋ ಹೇಳುತ್ತಾರೆ. ಉಪಗ್ರಹಕ್ಕೆ ನಾಲಿಗೆಯಿಲ್ಲ, ಬೆಳಕೇ ಅದರ ನಾಲಿಗೆ ಎಂದು ಹೇಳಿದಾಗ ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು.

ಎರಡನೆಯ ಪಾಠ

ಎರಡನೆಯ ಹಂತ ಭಾಲ್ಕಿಯಲ್ಲಿ ನಡೆಯಿತು. ಪ್ರಯೋಗವನ್ನು ಮೊದಲು ನಾನೇ ನಾಲ್ಕು ದಿನ ಮಾಡಿ ನೋಡಿದೆ. ಔರಾದ್‌ನಲ್ಲಿ ಎಲ್ಲಿ ತಪ್ಪಿದ್ದೆ ಎಂದು ತಿಳಿಯಿತು. ಥರ್ಮಾಮೀಟರಿನ ಗುಂಡಿಗೆ ಕಪ್ಪು ಬಳಿದಿರಲಿಲ್ಲ. ರೋಹಿತವನ್ನು ದೂರಕ್ಕೆ ಬೀಳಿಸಿ ಅಗಲ ಮಾಡಿದ್ದರಿಂದ ಶಾಖ ಹರಡಿಹೋಗಿತ್ತು. ಕಿಟಕಿಯ ಗಾಳಿ ನೇರವಾಗಿ ಬೀಸುತ್ತಿತ್ತು. ಎರಡು ನಿಮಿಷ ಸಾಲದು, ಏಳೆಂಟು ನಿಮಿಷ ಬೇಕು. ಈ ಬಾರಿ ರಟ್ಟಿನ ಪೆಟ್ಟಿಗೆಯೊಳಗೆ ಬಿಳಿ ಹಾಳೆ ಹಾಸಿ, ಅದರ ಅಂಚಿಗೆ ಪಟ್ಟಕ ಸಿಕ್ಕಿಸಿ, ಶಾಲೆಯ ಅಂಗಳದ ಬಿಸಿಲಿನಲ್ಲಿ ಇಟ್ಟೆವು. ನೆರಳಿನಲ್ಲಿ ಹೋಲಿಕೆಗೊಂದು ಥರ್ಮಾಮೀಟರ್ ಇತ್ತು.

ಐದು ಗುಂಪುಗಳಲ್ಲಿ ಮೂರಕ್ಕೆ ಕೆಂಪಿನ ಆಚೆ ಹೆಚ್ಚು ಬಂತು. ಒಂದಕ್ಕೆ ಕೆಂಪಿನಲ್ಲಿಯೇ ಹೆಚ್ಚು. ಇನ್ನೊಂದಕ್ಕೆ ಮೋಡ ಅಡ್ಡ ಬಂದು ಏನೂ ಗೊತ್ತಾಗಲಿಲ್ಲ. ಐದೂ ಗುಂಪಿನ ಅಂಕಿಗಳನ್ನು ಅವರವರ ಕೈಯಿಂದಲೇ ಹಲಗೆಯ ಮೇಲೆ ಬರೆಸಿ, ಯಾಕೆ ಹೀಗಾಯಿತು ಎಂದು ಅವರನ್ನೇ ಕೇಳಿದೆ. ಆ ಚರ್ಚೆಗೇ ಅರ್ಧ ಅವಧಿ ಹೋಯಿತು, ಯೋಜನೆಯ ಕೊನೆಯ ಹಂತ ಉಳಿದುಹೋಯಿತು. ವೀಕ್ಷಣಾ ಪುಸ್ತಕದಲ್ಲಿ ಸಮಯ ಪಾಲನೆಗೆ ಅಂಕ ಕಡಿಮೆ ಬಂತು, ಅದು ಸರಿಯೇ.

ಇಲ್ಲಿ ಶಿಕ್ಷಕರು ತಿಳಿದಿರಬೇಕಾದ ಮಾತೊಂದಿದೆ. ಸೂರ್ಯನ ಶಕ್ತಿ ಅವಕೆಂಪಿನಲ್ಲಿಯೇ ಅತಿ ಹೆಚ್ಚು ತೀವ್ರ ಎಂದು ಈ ಪ್ರಯೋಗದಿಂದ ತೀರ್ಮಾನಿಸಬಾರದು. ಪಟ್ಟಕವು ನೇರಳೆಯ ತುದಿಯನ್ನು ಹಿಗ್ಗಿಸಿ ಕೆಂಪಿನ ತುದಿಯನ್ನು ಒತ್ತೊತ್ತಾಗಿ ಬೀಳಿಸುತ್ತದೆ. ಆದ್ದರಿಂದ ಕೆಂಪಿನ ಆಚೆಯ ಅಷ್ಟೇ ಅಗಲದ ಜಾಗಕ್ಕೆ ಹೆಚ್ಚು ಕಿರಣಗಳು ಬೀಳುತ್ತವೆ. ಮಕ್ಕಳಿಗೆ ಇಷ್ಟು ಸಾಕು: ಬಣ್ಣವಿಲ್ಲದ ಜಾಗ ಖಾಲಿ ಜಾಗವಲ್ಲ.

ಕೋರ್ಸ್ ಮುಗಿಯುವ ಮೊದಲು ಒಂದು ಶನಿವಾರ ಮುಖ್ಯ ಶಿಕ್ಷಕರ ಅನುಮತಿ ಪಡೆದು ಔರಾದ್‌ನ ಆ ಶಾಲೆಗೆ ಹೋದೆ. ಪೆಟ್ಟಿಗೆ, ಪಟ್ಟಕ, ಥರ್ಮಾಮೀಟರುಗಳ ಜೊತೆಗೆ ಕೋಟೆಯ ಬಳಿಯ ಒಂದು ಹಿಡಿ ಕೆಂಪು ಮಣ್ಣನ್ನೂ ಕಟ್ಟಿಕೊಂಡು ಹೋಗಿದ್ದೆ. ಅಂದು ಹಲಗೆಯ ಮೇಲೆ ಬರೆದ ಅಂಕಿಗಳು ನಾವು ಅಳೆದವಲ್ಲ, ಪುಸ್ತಕದವು ಎಂದು ತರಗತಿಗೆ ಹೇಳಿದೆ. ಹೇಳುವಾಗ ನಾಲಿಗೆ ಒಣಗಿತ್ತು. ಮಕ್ಕಳು ಅದನ್ನು ದೊಡ್ಡದು ಮಾಡಲಿಲ್ಲ. ಆ ವಿದ್ಯಾರ್ಥಿನಿ ನೋಟ್‌ಬುಕ್ಕಿನ ಹಳೆಯ ಪುಟ ತೆಗೆದಳು. ಅಳಿಸಿದ ಅಂಕಿಯ ಗುರುತು ಕಾಗದದ ಮೇಲೆ ಇನ್ನೂ ಮಸುಕಾಗಿ ಇತ್ತು. ಅದರ ಮೇಲೆ ಪೆನ್ನಿನಿಂದ ತಿದ್ದಿ ಬರೆದಳು. ಆಮೇಲೆ ಎಲ್ಲರೂ ಪೆಟ್ಟಿಗೆ ಹೊತ್ತುಕೊಂಡು ಅಂಗಳಕ್ಕೆ ಹೋದೆವು.